ಟಗರಿನ ಬೆಲೆ ಬರೆಯುತ್ತೀರಿ, ಅದರ ಅಪ್ಪನನ್ನೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಬಕ್ರೀದ್ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸುತ್ತದೆ: ಇಂಥ ಊರಿನ ಬಂಡೂರು ಟಗರು ಇಷ್ಟು ಲಕ್ಷಕ್ಕೆ ಮಾರಾಟ. ಕೊರಳಿಗೆ ಹಾರ ಹಾಕಿದ ಟಗರಿನ ಫೋಟೊ, ಪಕ್ಕದಲ್ಲಿ ನಗುವ ಮಾಲೀಕರು. ವರ್ಷದ ಇನ್ಯಾವುದೋ ತಿಂಗಳಲ್ಲಿ ಮತ್ತೊಂದು ಸುದ್ದಿ: ಬಂಡೂರು ತಳಿ ಅಳಿಯುತ್ತಿದೆ, ಉಳಿದ ಕುರಿಗಳು ಇಷ್ಟೇ. ಎರಡರಲ್ಲೂ ಬಾರದ ಮಾತೆಂದರೆ, ಆ ಕುರಿಗಳಿಗೆ ಬೀಜದ ಟಗರುಗಳು ಎಷ್ಟಿದ್ದವು, ಅವು ಯಾವ ಟಗರಿನ ಮಕ್ಕಳು ಎಂಬುದು. ತಳಿಯೊಂದು ಗಟ್ಟಿಯಾಗಿದೆಯೋ ಒಳಗೊಳಗೇ ಸವೆಯುತ್ತಿದೆಯೋ ಎಂದು ತಿಳಿಯಲು ಬೇಕಾದದ್ದು ಆ ಲೆಕ್ಕ. ಅದನ್ನು ಹೇಗೆ ಹಾಕುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತು, ಕ್ಷಮೆ ಇರಲಿ.

ಸಂಬಂಧಿಗಳ ನಡುವೆ ಹುಟ್ಟುವ ಸಂತಾನಕ್ಕೆ ಪಶುವೈದ್ಯರೆಲ್ಲ ಇನ್‌ಬ್ರೀಡಿಂಗ್ ಎನ್ನುತ್ತಾರೆ. ಅದನ್ನು ಅಳೆಯುವ ಗುಣಾಂಕವನ್ನು ಅಮೆರಿಕದ ತಳಿವಿಜ್ಞಾನಿ ಸ್ಯೂವಾಲ್ ರೈಟ್ 1922ರಲ್ಲಿ ರೂಪಿಸಿದರು. 'ಎಫ್' ಎಂದು ಬರೆಯುವುದು ರೂಢಿ. ಪ್ರತಿ ಜೀನಿನ ಎರಡು ಪ್ರತಿಗಳು ಮರಿಯಲ್ಲಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಆ ಎರಡೂ ಹಿಂದಿನ ಯಾವುದೋ ಒಂದೇ ಪೂರ್ವಜನ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಂಭವ ಎಷ್ಟು ಎಂಬುದೇ ಎಫ್. ಸೊನ್ನೆಯಿಂದ ಒಂದರವರೆಗೆ ಇರುತ್ತದೆ, ಶೇಕಡಾದಲ್ಲೂ ಹೇಳಬಹುದು. ಅದು ಏರಿದಷ್ಟೂ ಅಡಗಿದ ದೋಷಗಳು ಎರಡೂ ಕಡೆಯಿಂದ ಕೂಡಿ ಹೊರಬೀಳುವ ಸಂಭವ ಹೆಚ್ಚು.

ಲೆಕ್ಕಕ್ಕೆ ಕಾಗದ, ಪೆನ್ಸಿಲ್ ಸಾಕು. ವಂಶಾವಳಿ ಬರೆದುಕೊಂಡು, ಮರಿಯ ಅಪ್ಪನಿಂದ ಹೊರಟು, ಅಪ್ಪ ಅಮ್ಮ ಇಬ್ಬರಿಗೂ ಸೇರಿದ ಪೂರ್ವಜನವರೆಗೆ ಏರಿ, ಅಲ್ಲಿಂದ ಅಮ್ಮನವರೆಗೆ ಇಳಿಯಬೇಕು. ಅಪ್ಪ ಅಮ್ಮನನ್ನೂ ಸೇರಿಸಿ ಆ ದಾರಿಯಲ್ಲಿ ಎಷ್ಟು ಪ್ರಾಣಿಗಳಿವೆಯೋ ಅಷ್ಟು ಸಲ 1/2ನ್ನು ಗುಣಿಸಬೇಕು. ಅಪ್ಪ ಟಗರನ್ನೇ ಅದರ ಮಗಳಿಗೆ ಬಿಟ್ಟರೆ ದಾರಿಯಲ್ಲಿ ಇರುವುದು ಎರಡೇ ಪ್ರಾಣಿ, ಅಪ್ಪ ಮತ್ತು ಮಗಳು; ಹಾಗಾಗಿ ಮರಿಯ ಎಫ್ 1/4, ಶೇ 25. ಒಂದೇ ಟಗರಿಗೆ ಬೇರೆ ಬೇರೆ ಕುರಿಗಳಲ್ಲಿ ಹುಟ್ಟಿದ ಅಣ್ಣ ತಂಗಿಯರಾದರೆ ಮೂರು ಪ್ರಾಣಿ, 1/8, ಅಂದರೆ ಶೇ 12.5. ಒಂದೇ ಅಪ್ಪ ಒಂದೇ ಅಮ್ಮನ ಮಕ್ಕಳಾದರೆ ಅಪ್ಪನ ಮೂಲಕ ಒಂದು ದಾರಿ, ಅಮ್ಮನ ಮೂಲಕ ಇನ್ನೊಂದು. ಎರಡು 1/8 ಸೇರಿ ಮತ್ತೆ ಶೇ 25. ಪೂರ್ವಜ ತಾನೇ ಒಳಸಂಬಂಧದಲ್ಲಿ ಹುಟ್ಟಿದ್ದರೆ ಆ ದಾರಿಯ ಉತ್ತರವನ್ನು '1 ಕೂಡಿಸು ಪೂರ್ವಜನ ಎಫ್'ನಿಂದ ಗುಣಿಸಬೇಕು. ಉದಾಹರಣೆಗೆ, ಬೀಜದ ಟಗರಿನ ಎಫ್ 0.25 ಇದ್ದರೆ ಅದರ ಮಕ್ಕಳ ನಡುವಿನ ಸಂತಾನದ ಎಫ್ ಶೇ 12.5 ಆಗುವುದಿಲ್ಲ, ಶೇ 15.6 ಆಗುತ್ತದೆ.

ನಮ್ಮ ಮನೆಗಳ ಸೋದರಿಕೆ ಸಂಬಂಧಗಳನ್ನೂ ಇದೇ ಕೋಲಿನಲ್ಲಿ ಅಳೆಯಬಹುದು. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ ಮಕ್ಕಳ ಎಫ್ 1/8. ಸೋದರತ್ತೆಯ ಮಗ, ಸೋದರಮಾವನ ಮಗಳ ನಡುವೆ ಆದರೆ 1/16. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಅಜ್ಜನ ಮೂಲಕ ದಾರಿ ಎಣಿಸಿ ಅಜ್ಜಿಯನ್ನು ಮರೆಯುವುದು. ಆಗ ಉತ್ತರ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ತಪ್ಪು ಒಂದೇ ದಾರಿಯಲ್ಲಿ ಒಂದೇ ಪ್ರಾಣಿಯನ್ನು ಎರಡು ಸಲ ದಾಟುವುದು. ಅಂಥ ದಾರಿ ಲೆಕ್ಕಕ್ಕೆ ಬರುವುದಿಲ್ಲ.

ನೂರಾರು ಕುರಿಗಳ ಮಂದೆಯಲ್ಲಿ ದಾರಿ ಎಣಿಸುತ್ತಾ ಕೂರಲಾಗದು. ಅಲ್ಲಿಗೆ ಕೋಷ್ಟಕದ ವಿಧಾನ. ಎಕ್ಸೆಲ್ ಹಾಳೆಯಲ್ಲೇ ಆಗುತ್ತದೆ. ಹುಟ್ಟಿದ ದಿನಾಂಕದ ಪ್ರಕಾರ ಎಲ್ಲ ಪ್ರಾಣಿಗಳನ್ನೂ ಹಿರಿಯದರಿಂದ ಕಿರಿಯದಕ್ಕೆ ಜೋಡಿಸಿ, ಅದೇ ಕ್ರಮವನ್ನು ಅಡ್ಡಸಾಲಿಗೂ ಕಂಬಸಾಲಿಗೂ ಬರೆಯಬೇಕು. ಮರಿಗೂ ಅದಕ್ಕಿಂತ ಹಿರಿಯ ಪ್ರಾಣಿಗೂ ಇರುವ ಸಂಬಂಧ ಎಷ್ಟೆಂದರೆ, ಆ ಹಿರಿಯ ಪ್ರಾಣಿಗೆ ಮರಿಯ ಅಪ್ಪನ ಜೊತೆ ಮತ್ತು ಅಮ್ಮನ ಜೊತೆ ಇರುವ ಸಂಬಂಧಗಳ ಸರಾಸರಿ. ಮರಿಯ ಅಡ್ಡಸಾಲೂ ಕಂಬಸಾಲೂ ಕೂಡುವ ಮನೆಯಲ್ಲಿ 1ಕ್ಕೆ ಅಪ್ಪ ಅಮ್ಮನ ನಡುವಿನ ಸಂಬಂಧದ ಅರ್ಧವನ್ನು ಕೂಡಿಸಬೇಕು. ಆ 1ನ್ನು ಕಳೆದರೆ ಉಳಿಯುವುದೇ ಮರಿಯ ಎಫ್. ಅಪ್ಪ ಅಮ್ಮ ಗೊತ್ತಿಲ್ಲದ ಪ್ರಾಣಿಗೆ ಸಂಬಂಧ ಸೊನ್ನೆ ಎಂದು ಹಾಕಿ ಮುಂದೆ ಹೋಗುತ್ತಾರೆ. ತಾಯಿ ಮಗಳಿಗಿಂತ ಕೆಳಗಿನ ಸಾಲಿಗೆ ಬಿದ್ದರೆ, ಅಥವಾ ಸತ್ತ ಕುರಿಯ ಕಿವಿ ಓಲೆಯನ್ನು ಬೇರೆ ಮರಿಗೆ ಚುಚ್ಚಿದ್ದರೆ, ಹಾಳೆ ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪು ಉತ್ತರ ಕೊಡುತ್ತದೆ.

ಮೇಲೆ ಹೇಳಿದ 'ಸೊನ್ನೆ ಎಂದು ಹಾಕಿ'ಯಲ್ಲೇ ಈ ಇಡೀ ವಿದ್ಯೆಯ ದೊಡ್ಡ ಮೋಸ ಇರುವುದು. ದಾಖಲೆ ಇಲ್ಲದ ಕಡೆ ಲೆಕ್ಕ ಸೊನ್ನೆ ತೋರಿಸುತ್ತದೆ. ಮೂರು ತಲೆಮಾರು ಶ್ರದ್ಧೆಯಿಂದ ಬರೆದಿಟ್ಟ ಮಂದೆಯ ಸರಾಸರಿ ಶೇ 6 ಬಂದು, ಏನೂ ಬರೆಯದ ಪಕ್ಕದ ಮಂದೆಯದು ಸೊನ್ನೆ ಬಂದರೆ, ಎರಡನೆಯದು ಒಳ್ಳೆಯದೆಂದು ಯಾರಾದರೂ ತೀರ್ಮಾನಿಸಿಯಾರು. ಎಷ್ಟು ತಲೆಮಾರಿನ ಆಳದಲ್ಲಿ ಲೆಕ್ಕ ಹಾಕಿದ್ದು ಎಂದು ಹೇಳದ ಎಫ್‌ಗೆ ಬೆಲೆ ಇಲ್ಲ. ಇದಕ್ಕೆ ಸ್ಪೇನಿನ ದೊರೆ ಎರಡನೇ ಚಾರ್ಲ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಅವನ ಅಪ್ಪ ನಾಲ್ಕನೇ ಫಿಲಿಪ್, ಅಮ್ಮ ಆ ಫಿಲಿಪ್‌ನ ತಂಗಿಯ ಮಗಳು. ಅಷ್ಟನ್ನೇ ನೋಡಿದರೆ ಎಫ್ 0.125. ಆದರೆ 16 ತಲೆಮಾರುಗಳ, 3,000ಕ್ಕೂ ಹೆಚ್ಚು ಜನರ ವಂಶಾವಳಿಯನ್ನು ಕೂಡಿಸಿ 2009ರಲ್ಲಿ ಸ್ಪೇನಿನ ಸಂಶೋಧಕರು ಲೆಕ್ಕ ಹಾಕಿದಾಗ ಬಂದದ್ದು 0.254. ಒಡಹುಟ್ಟಿದವರಿಗೆ ಹುಟ್ಟಿದ ಮಗುವಿನಷ್ಟು! ಹಿಂದಿನ ಮದುವೆಗಳೆಲ್ಲ ಅದೇ ಮನೆತನದೊಳಗೇ ಸುತ್ತಿದ್ದರ ಫಲ. ಚಾರ್ಲ್ಸ್‌ಗೆ ಮಕ್ಕಳಾಗಲಿಲ್ಲ, 1700ರಲ್ಲಿ ಆ ಶಾಖೆ ಅಲ್ಲಿಗೇ ನಿಂತಿತು. ಅರಮನೆಯಲ್ಲಿ ಬರೆದಿಡುವವರಿದ್ದುದರಿಂದ ಇಷ್ಟಾದರೂ ಗೊತ್ತಾಯಿತು. ಮಳವಳ್ಳಿ ಸೀಮೆಯ ಬಂಡೂರು ಟಗರುಗಳಿಗೆ ಆ ಭಾಗ್ಯವಿಲ್ಲ.

ಈಗ ಒಂದು ಪ್ರಾಣಿಯನ್ನು ಬಿಟ್ಟು ಇಡೀ ಮಂದೆಗೆ ಬರೋಣ. ವಂಶಾವಳಿ ಇಲ್ಲದಿದ್ದರೂ ಒಂದು ಅಂದಾಜು ಸಾಧ್ಯ. ಮಂದೆಗೆ ಹೊರಗಿನಿಂದ ಏನೂ ಬರುತ್ತಿಲ್ಲ ಎಂದುಕೊಂಡರೆ, ಪ್ರತಿ ತಲೆಮಾರಿಗೆ ಎಫ್ ಏರುವ ವೇಗ ಹೀಗೆ: 1ನ್ನು ಟಗರುಗಳ ಸಂಖ್ಯೆಯ 8 ಪಟ್ಟಿನಿಂದ ಭಾಗಿಸಿ, ಅದಕ್ಕೆ 1ನ್ನು ಹೆಣ್ಣುಗಳ ಸಂಖ್ಯೆಯ 8 ಪಟ್ಟಿನಿಂದ ಭಾಗಿಸಿ ಬಂದದ್ದನ್ನು ಕೂಡಿಸಿ. 25 ಕುರಿಗೆ ಒಂದು ಟಗರು ಎಂಬ ನಮ್ಮ ಮಾಮೂಲಿ ಮಂದೆಯಲ್ಲಿ 1/8ಕ್ಕೆ 1/200 ಸೇರಿ ಶೇ 13. ಇದರಲ್ಲಿ ಟಗರಿನ ಪಾಲು 12.5, ಇಪ್ಪತ್ತೈದು ಹೆಣ್ಣುಗಳ ಒಟ್ಟು ಪಾಲು ಬರೀ 0.5. ಅದೇ ಮಂದೆಯ ಮಗ ಟಗರನ್ನೇ ಮುಂದಿನ ಬೀಜಕ್ಕೆ ಇಟ್ಟುಕೊಳ್ಳುತ್ತಾ ಹೋದರೆ ಐದು ತಲೆಮಾರಿನಲ್ಲಿ ಎಫ್ ಶೇ 50ರ ಹತ್ತಿರ ಹೋಗುತ್ತದೆ. ಕುರಿಯಲ್ಲಿ ತಲೆಮಾರು ಎಂದರೆ ಸುಮಾರು ಮೂರು ವರ್ಷ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಳಿ ಉಳಿಸುವವರಿಗೆ ಹೇಳುವ ಮಿತಿ ತಲೆಮಾರಿಗೆ ಶೇ 1. ತಳಿಯ 'ಪರಿಣಾಮಕಾರಿ ಸಂಖ್ಯೆ' (ತಲೆ ಎಣಿಕೆಯಲ್ಲ, ಜೀನು ದಾಟಿಸುವ ಲೆಕ್ಕದಲ್ಲಿ ತಳಿಯ ಗಾತ್ರ) ಕನಿಷ್ಠ 50 ಇರಬೇಕು ಎಂಬುದೂ ಅದೇ ಮಾತಿನ ಇನ್ನೊಂದು ರೂಪ. ಆ ಸಂಖ್ಯೆ ತಿಳಿಯಲು ಗಂಡು, ಹೆಣ್ಣುಗಳ ಗುಣಲಬ್ಧದ ನಾಲ್ಕು ಪಟ್ಟನ್ನು ಅವುಗಳ ಮೊತ್ತದಿಂದ ಭಾಗಿಸಬೇಕು. 500 ಕುರಿ, 13 ಟಗರು ಇದ್ದರೆ 50.7 ಬರುತ್ತದೆ. ಕುರಿಗಳನ್ನು 1,000ಕ್ಕೆ ಏರಿಸಿ, ಟಗರು 13ಕ್ಕೇ ಬಿಟ್ಟರೆ? 51.3. ಐನೂರು ಕುರಿ ಹೆಚ್ಚಿಸಿದ್ದಕ್ಕೆ ಸಿಕ್ಕ ಲಾಭ ಒಂದಕ್ಕಿಂತ ಕಡಿಮೆ. ಅದೇ 500 ಕುರಿಗೆ ಟಗರುಗಳನ್ನು 26 ಮಾಡಿದರೆ ಸಂಖ್ಯೆ 98.9ಕ್ಕೆ ಏರುತ್ತದೆ. ಹೆಣ್ಣು ಕುರಿ ಹಂಚಿ ತಳಿ ಉಳಿಸುತ್ತೇವೆ ಎಂಬ ಯೋಜನೆಗಳ ಸುದ್ದಿ ಬರೆಯುವಾಗ ಈ ಲೆಕ್ಕ ವರದಿಗಾರರ ಜೇಬಿನಲ್ಲಿರಲಿ.

ಈ ಸೂತ್ರ ಎಲ್ಲ ಟಗರುಗಳೂ ಸಮನಾಗಿ ಮರಿ ಕೊಡುತ್ತವೆ ಎಂದು ನಂಬಿಕೊಂಡಿದೆ. ವಾಸ್ತವದಲ್ಲಿ ಹೆಸರು ಮಾಡಿದ ಟಗರಿಗೇ ಎಲ್ಲರೂ ಕುರಿ ಹೊಡೆದುಕೊಂಡು ಹೋಗುತ್ತಾರೆ. ನಾಲ್ಕು ಟಗರುಗಳಲ್ಲಿ ಒಂದರಿಂದ ಶೇ 70 ಮರಿ, ಉಳಿದ ಮೂರರಿಂದ ತಲಾ ಶೇ 10 ಎಂದಿಟ್ಟುಕೊಳ್ಳಿ. ಪಾಲುಗಳನ್ನು ವರ್ಗ ಮಾಡಿ ಕೂಡಿದರೆ 0.52, 1ನ್ನು ಅದರಿಂದ ಭಾಗಿಸಿದರೆ 1.92. ಕಾಗದದಲ್ಲಿ ನಾಲ್ಕು, ಕೆಲಸದಲ್ಲಿ ಎರಡೂ ಇಲ್ಲ. ಲಕ್ಷದ ಟಗರಿನ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ಅದರ ಮಕ್ಕಳಿಗೂ ತಮ್ಮಂದಿರಿಗೂ ಬೇಡಿಕೆ ಬರುತ್ತದೆ, ಸುತ್ತಲ ಹತ್ತೂರಿನ ಬೀಜ ಒಂದೇ ಮನೆತನದ್ದಾಗುತ್ತದೆ. ಚೆನ್ನಾಗಿ ಬೆಳೆದ ಉಳಿದ ಗಂಡು ಮರಿಗಳು ಬೀಜಕ್ಕೆ ಬರುವ ಮೊದಲೇ ಸಂತೆಗೆ ಹೋಗಿರುತ್ತವೆ.

ಕೆಟ್ಟ ವರ್ಷಗಳೂ ಲೆಕ್ಕದಲ್ಲಿ ಭಾರವಾಗಿ ಕೂರುತ್ತವೆ. ಪರಿಣಾಮಕಾರಿ ಸಂಖ್ಯೆ ಮೂರು ತಲೆಮಾರಿನಲ್ಲಿ 100 ಇದ್ದು, ಬರದಿಂದಲೋ ಪಿಪಿಆರ್ ರೋಗದಿಂದಲೋ ಒಂದು ತಲೆಮಾರಿನಲ್ಲಿ 10ಕ್ಕೆ ಇಳಿದರೆ, ನಾಲ್ಕರ ಸರಾಸರಿ 77.5 ಎಂದು ಹೇಳುವಂತಿಲ್ಲ. ಇಲ್ಲಿ ಬೇಕಾದದ್ದು ಹರಾತ್ಮಕ ಸರಾಸರಿ (1ನ್ನು ಪ್ರತಿ ತಲೆಮಾರಿನ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನೆಲ್ಲ ಕೂಡಿ, ಆ ಮೊತ್ತದಿಂದ 4ನ್ನು ಭಾಗಿಸಿದ್ದು), ಅದು 31 ಮಾತ್ರ.

ಡಿಎನ್‌ಎ ಪರೀಕ್ಷೆ ಮಾಡಿದರೆ ವಂಶಾವಳಿ ಬೇಡ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಅರ್ಧ ನಿಜ. ಹಳೆಯ ವಿಧಾನದಲ್ಲಿ 25-30 ಮೈಕ್ರೋಸ್ಯಾಟಲೈಟ್ ಗುರುತುಗಳನ್ನು (ಡಿಎನ್‌ಎಯ ಚಿಕ್ಕ ಅಕ್ಷರಸಾಲು ಮತ್ತೆ ಮತ್ತೆ ಬರುವ ಜಾಗಗಳನ್ನು) ನೋಡಿ, ಜೋಡಿ ಬೇರೆಬೇರೆಯಾಗಿರುವ ಪ್ರಾಣಿಗಳ ಪ್ರಮಾಣ ನಿರೀಕ್ಷೆಗಿಂತ ಎಷ್ಟು ಕಡಿಮೆ ಎಂದು ಲೆಕ್ಕ ಹಾಕುತ್ತಾರೆ. ನಿರೀಕ್ಷೆ 0.72 ಇದ್ದು ಕಂಡದ್ದು 0.63 ಆದರೆ ಕೊರತೆ ಶೇ 12.5. ಆದರೆ ಪರಸ್ಪರ ಬೆರೆಯದ ಎರಡು ಊರಿನ ಮಂದೆಗಳ ರಕ್ತವನ್ನು ಒಂದೇ ಮಾದರಿಯೆಂದು ಕಲಸಿದರೆ, ಯಾವ ಮಂದೆಯಲ್ಲೂ ಒಳಸಂಬಂಧ ಇಲ್ಲದಿದ್ದರೂ ಕೊರತೆ ಕಾಣುತ್ತದೆ. ಕೆಲವು ಗುರುತುಗಳಲ್ಲಿ ಒಂದು ಪ್ರತಿ ಯಂತ್ರಕ್ಕೆ ಕಾಣದೇ ಹೋಗುವುದರಿಂದಲೂ ಹಾಗಾಗುತ್ತದೆ. ವಿಚಿತ್ರವೆಂದರೆ ಒಂದೇ ಟಗರಿನ ಮಂದೆಯ ಮರಿಗಳಲ್ಲಿ ಈ ಅಂಕಿ ಸೊನ್ನೆಗಿಂತ ಕೆಳಗೂ ಇಳಿಯಬಹುದು; ಅಪ್ಪನ ಕಡೆಯ ಜೀನುಗಳ ಪ್ರಮಾಣ ಅಮ್ಮಂದಿರ ಕಡೆಯದಕ್ಕಿಂತ ಬೇರೆ ಇರುವುದರಿಂದ ಮರಿಗಳಲ್ಲಿ ಮಿಶ್ರ ಜೋಡಿಗಳು ಹೆಚ್ಚು. ಅದನ್ನು ನೋಡಿ ನಿಶ್ಚಿಂತರಾದರೆ ಮುಂದಿನ ತಲೆಮಾರಿನಲ್ಲಿ ಪೆಟ್ಟು ಬೀಳುತ್ತದೆ.

ಹೊಸ ವಿಧಾನ ಇದಕ್ಕಿಂತ ವಾಸಿ. ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸ ಓದುವ ಎಸ್‌ಎನ್‌ಪಿ ಚಿಪ್‌ನಲ್ಲಿ ಸಾವಿರಾರು ಗುರುತುಗಳನ್ನು ಓದಿ, ಎರಡೂ ಪ್ರತಿಗಳು ಉದ್ದಕ್ಕೂ ಒಂದೇ ಆಗಿರುವ ಪಟ್ಟಿಗಳನ್ನು ಹುಡುಕುತ್ತಾರೆ. ದನದ ಲಿಂಗೇತರ ವರ್ಣತಂತುಗಳ ಒಟ್ಟು ಉದ್ದ ಸುಮಾರು 2,500 ಮೆಗಾಬೇಸ್ (ಒಂದು ಮೆಗಾಬೇಸ್ ಎಂದರೆ ಡಿಎನ್‌ಎಯ ಹತ್ತು ಲಕ್ಷ ಅಕ್ಷರ). ಅಂಥ ಪಟ್ಟಿಗಳ ಉದ್ದ ಕೂಡಿ 250 ಮೆಗಾಬೇಸ್ ಆದರೆ ಎಫ್ ಶೇ 10. ಪಟ್ಟಿಯ ಉದ್ದವೇ ಕಾಲವನ್ನೂ ಹೇಳುತ್ತದೆ: ಮೂರು ತಲೆಮಾರಿನ ಹಿಂದಿನ ಪೂರ್ವಜನಿಂದ ಬಂದದ್ದು ಸರಾಸರಿ 16-17 ಮೆಗಾಬೇಸ್, 25 ತಲೆಮಾರಿನ ಹಿಂದಿನದು 2. ಹೀಗೆ ಉದ್ದ ಪಟ್ಟಿಗಳು ಹೆಚ್ಚಿದ್ದರೆ ತಪ್ಪು ಈಚಿನದು, ಈಗಲೂ ತಿದ್ದಬಹುದು. ಆದರೆ 50 ಸಾವಿರ ಗುರುತುಗಳ ಚಿಪ್‌ನಲ್ಲಿ ಚಿಕ್ಕ ಪಟ್ಟಿಗಳನ್ನು ನಂಬಬಾರದು, ಗುರುತುಗಳ ನಡುವಿನ ಅಂತರದಲ್ಲಿ ಏನಿದೆಯೋ ಅದು ಓದುವುದಿಲ್ಲ. ಯುರೋಪಿನ ತಳಿಗಳನ್ನು ಮುಂದಿಟ್ಟುಕೊಂಡು ಮಾಡಿದ ಚಿಪ್‌ನಲ್ಲಿ ಹಳ್ಳಿಕಾರ್, ಅಮೃತಮಹಲ್ ದನಗಳ ರಕ್ತ ಓದಿಸಿದರೆ ಹಲವು ಗುರುತುಗಳು ಎಲ್ಲದರಲ್ಲೂ ಒಂದೇ ಥರ ಬಂದು, ಇಲ್ಲದ ಪಟ್ಟಿಗಳು ಕಾಣುತ್ತವೆ. ದೇಸಿ ದನಗಳಿಗೆಂದೇ ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯ 'ಇಂಡಿಗೌ' ಚಿಪ್ 2021ರಲ್ಲಿ ಬಂದಿದೆ.

ಹೈನುಗಾರರ ವಿಷಯಕ್ಕೆ ಬರೋಣ, ಅಲ್ಲಿ ಅಪಾಯ ಇನ್ನೊಂದು ಬಗೆಯದು. ಒಂದು ಹೋರಿಯ ವೀರ್ಯ ವರ್ಷಕ್ಕೆ ಸಾವಿರಾರು ಕಡ್ಡಿಗಳಾಗಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕೂರುತ್ತದೆ, ಹೋರಿ ಸತ್ತ ಮೇಲೂ ಕೆಲಸ ಮಾಡುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ದನಗಳ ಲೋಕದಲ್ಲಿ ಇದು ಎಲ್ಲಿಗೆ ಮುಟ್ಟಿತೆಂದರೆ, 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಚೀಫ್' ಎಂಬ ಹೋರಿಗೆ 16,000 ಹೆಣ್ಣು ಕರುಗಳು. ಅದರ ಒಂದು ಜೀನಿನಲ್ಲಿ ಅಡಗಿದ್ದ ದೋಷ ಎರಡೂ ಕಡೆಯಿಂದ ಕೂಡಿದಾಗ ಗರ್ಭ ನಿಲ್ಲುತ್ತಿರಲಿಲ್ಲ. ಅದರಿಂದ ಜಗತ್ತಿನಾದ್ಯಂತ ಆದ ಗರ್ಭಪಾತಗಳ ಅಂದಾಜು ಐದು ಲಕ್ಷಕ್ಕೂ ಮೇಲು. ಹಾಲು ಹೆಚ್ಚಿಸಿದ್ದೂ ಅದೇ ಹೋರಿ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಆಗುವುದು ಹೀಗೆ. ಇವತ್ತು ಕಡ್ಡಿ ಹಾಕಿದರೆ ಒಂಬತ್ತು ತಿಂಗಳಿಗೆ ಕರು, ಅದು ಹದಿನೈದು ಹದಿನೆಂಟು ತಿಂಗಳಿಗೆ ಬೆದೆಗೆ. ಅಂದರೆ ಎರಡು ವರ್ಷದ ಮೇಲೆ ಕೆಲವೇ ತಿಂಗಳು. ಅಷ್ಟರಲ್ಲಿ ಅದೇ ಹೋರಿಯ ಕಡ್ಡಿಗಳು ಕ್ಯಾನಿನಲ್ಲಿ ಉಳಿದಿದ್ದರೆ ಅಪ್ಪನದೇ ಬೀಜ ಮಗಳಿಗೆ, ಶೇ 25. ತಡೆಯುವುದು ಕಷ್ಟವಲ್ಲ. ಪ್ರತಿ ಕಡ್ಡಿಯ ಮೇಲೂ ಹೋರಿಯ ಸಂಖ್ಯೆ ಮುದ್ರಿತವಾಗಿರುತ್ತದೆ. ಅದನ್ನು ಹಸುವಿನ ಕಿವಿ ಓಲೆಯ 12 ಅಂಕಿಯ ಜೊತೆ ಬರೆದಿಡಿ. ಹೆಣ್ಣು ಕರು ಬೆದೆಗೆ ಬಂದ ದಿನ ಹೊಸ ಕಡ್ಡಿಯ ಸಂಖ್ಯೆಯನ್ನು ಹಳೆಯದಕ್ಕೆ ಹೋಲಿಸಿ. ಸಂಖ್ಯೆ ಬೇರೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ, ಹೊಸ ಹೋರಿ ಹಳೆಯ ಹೋರಿಯ ಮಗನೂ ಆಗಿರಬಹುದು, ಆಗ ಶೇ 12.5. ಹೋರಿಯ ಅಪ್ಪ ಯಾರೆಂಬುದು ವೀರ್ಯ ಕೇಂದ್ರದ ಪಟ್ಟಿಯಲ್ಲಿ ಇರುತ್ತದೆ, ಕೇಳಿದರೆ ಸಿಗಬೇಕು.

ಕುರಿಗೆ ಮರಳಿದರೆ, ಅಲ್ಲಿನ ಗಡುವು ಇನ್ನೂ ಬಿಗಿ. ಟಗರು ಬಿಟ್ಟ ಐದು ತಿಂಗಳಿಗೆ ಮರಿ. ಹೆಣ್ಣು ಮರಿ ಒಂಬತ್ತು ಹತ್ತು ತಿಂಗಳಿಗೆ ಬೆದೆಗೆ ಬಂದೀತು. ಹಾಗಾಗಿ ಟಗರು ಮಂದೆಯಲ್ಲಿ ಹದಿನಾಲ್ಕು ತಿಂಗಳಿಗಿಂತ ಹೆಚ್ಚು ಇರಬಾರದು, ಇರಲೇಬೇಕಾದರೆ ಹೆಣ್ಣು ಮರಿಗಳನ್ನು ಬೇರೆ ಕೂಡಬೇಕು. ಅಪ್ಪ ಯಾರೆಂದು ಖಚಿತವಾಗಲು ಒಂದು ಟಗರನ್ನು 34 ದಿನ, ಅಂದರೆ 17 ದಿನದ ಎರಡು ಬೆದೆ ಚಕ್ರ, ಬಿಟ್ಟು ತೆಗೆದು, ಎರಡು ವಾರ ಖಾಲಿ ಇಟ್ಟು, ಆಮೇಲೆ ಇನ್ನೊಂದನ್ನು ಬಿಡಬೇಕು. ಗರ್ಭದ ಅವಧಿ ಸುಮಾರು 150 ದಿನ, ಹೆಚ್ಚು ಕಡಿಮೆ ಆಗುವುದು ಕೆಲವೇ ದಿನ. ಆದ್ದರಿಂದ ಹುಟ್ಟಿದ ದಿನಾಂಕವೇ ಅಪ್ಪನನ್ನು ಹೇಳುತ್ತದೆ. ಗೋಮಾಳದಲ್ಲಿ ಹತ್ತು ಮನೆಯ ಮಂದೆ ಒಟ್ಟಿಗೆ ಮೇಯುವ ಕಡೆ ಇದೆಲ್ಲ ನಡೆಯುವುದಿಲ್ಲ. ಅಲ್ಲಿ ಹಾರದಂತೆ ಗಂಡುಗಳಿಗೆ ಹೊಟ್ಟೆಯ ಕೆಳಗೆ ಬಟ್ಟೆ ಕಟ್ಟುವುದೊಂದು ದಾರಿ.

ಟಗರು ಅದಲುಬದಲಿಗೆ ಸುತ್ತಿನ ಪದ್ಧತಿ ಒಳ್ಳೆಯದು: ನಾಲ್ಕು ಊರುಗಳಾದರೆ ಮೊದಲ ಊರಿನಲ್ಲಿ ಹುಟ್ಟಿದ ಟಗರು ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ನಾಲ್ಕನೆಯದಕ್ಕೆ, ನಾಲ್ಕನೆಯದರದು ಮೊದಲಿಗೆ, ಹೆಣ್ಣುಗಳು ಹುಟ್ಟಿದ ಊರಿನಲ್ಲೇ. ನಾಲ್ಕೂ ಊರಿಗೆ ಮೊದಲು ಕೊಟ್ಟ ಟಗರುಗಳು ಅಣ್ಣತಮ್ಮಂದಿರಾಗಿದ್ದರೆ ಎಷ್ಟು ಸುತ್ತಿಸಿದರೂ ಪ್ರಯೋಜನವಿಲ್ಲ. ಬೀಜಕ್ಕೆ ಆರಿಸುವಾಗ ಮೈಕಟ್ಟು ನೋಡುವ ಮೊದಲು ಎರಡೂ ವೃಷಣಗಳು ಚೀಲಕ್ಕೆ ಇಳಿದಿವೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಒಂದೇ ಇಳಿದ ಟಗರು ಬಂಡೂರು ತಳಿಯಲ್ಲಿ ಅಪರೂಪವಲ್ಲ. ಅದು ಮರಿ ಕೊಡಬಲ್ಲದು, ದೋಷವನ್ನೂ ಜೊತೆಗೆ ಕೊಡಬಲ್ಲದು.

ಎಫ್ ಈಗಾಗಲೇ ಏರಿರುವ ಮಂದೆಗೆ ಸಂಬಂಧವಿಲ್ಲದ ಮಂದೆಯಿಂದ ಒಂದು ಟಗರು ತಂದರೆ, ಅದರ ಮರಿಗಳ ಎಫ್ ಒಂದೇ ಸಲಕ್ಕೆ ಸೊನ್ನೆಗೆ ಇಳಿಯುತ್ತದೆ, ತಾಯಂದಿರು ಎಷ್ಟೇ ಒಳಸಂಬಂಧದವಾಗಿದ್ದರೂ. ಆದರೆ ಮರು ವರ್ಷ ಅದೇ ಟಗರನ್ನು ಆ ಮರಿಗಳಿಗೇ ಬಿಟ್ಟರೆ ಶೇ 25ಕ್ಕೆ ವಾಪಸ್. ಮಂದೆಯಿಂದ ಪೂರ್ತಿ ಕಳೆದುಹೋದ ಜೀನುಗಳಂತೂ ಹೊರಗಿನಿಂದ ಬರಬೇಕೇ ಹೊರತು ಒಳಗೆ ಮತ್ತೆ ಹುಟ್ಟುವುದಿಲ್ಲ.

ತಮ್ಮ ವರದಿಗಾರರಲ್ಲಿ ಒಂದು ವಿನಂತಿ. ತಳಿ ಸಂರಕ್ಷಣೆಯ ಯಾವುದೇ ಯೋಜನೆಯ ಸುದ್ದಿ ಬರೆಯುವಾಗ ಅಧಿಕಾರಿಗಳನ್ನು ಮೂರು ಪ್ರಶ್ನೆ ಕೇಳಲಿ: ಒಂದು, ಕಳೆದ ಸಾಲಿನ ಮರಿಗಳಿಗೆ ಅಪ್ಪಂದಿರು ಎಷ್ಟು, ಪ್ರತಿಯೊಂದರ ಪಾಲು ಎಷ್ಟು; ಎರಡು, ಅಪ್ಪ ಅಮ್ಮ ಇಬ್ಬರೂ ದಾಖಲಾಗಿರುವ ಪ್ರಾಣಿಗಳು ಶೇಕಡಾ ಎಷ್ಟು, ಎಷ್ಟು ತಲೆಮಾರಿನವರೆಗೆ; ಮೂರು, ತಲೆಮಾರಿಗೆ ಎಫ್ ಎಷ್ಟು ಏರುತ್ತಿದೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಮೊದಲನೆಯದರ ಉತ್ತರದಿಂದ ಅದನ್ನು ವರದಿಗಾರರೇ ಮೇಲಿನ ಸೂತ್ರದಲ್ಲಿ ಹಾಕಿಕೊಳ್ಳಬಹುದು.

ಇಂತಿ,
ತಳಿ ಸಂವರ್ಧನೆಯ ಕೆಲಸದಲ್ಲಿರುವ ಪಶುವೈದ್ಯರು,
ಮಂಡ್ಯ ಜಿಲ್ಲೆ